ಗೇಣುದ್ದದ ಕಲ್ಲು, ಮೂರು ಪಿಕಪ್‌ಗಳು

ಕಲ್ಲಿನ ಎತ್ತರ ಒಂದು ಗೇಣಿಗಿಂತ ಹೆಚ್ಚಿರಲಿಲ್ಲ. ಗಾಡಿಯಿಂದ ಇಳಿದು, ಕೈ ಅಗಲಿಸಿ ಹಿಡಿದೇ ನೋಡಿದ್ದೆ. ನನ್ನ ಗೇಣು 215 ಮಿ.ಮೀ. ಗಾಡಿಯ ಕೈಪಿಡಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಎತ್ತರ, 225 ಮಿ.ಮೀ. ಎಂದು ಅಚ್ಚಾಗಿತ್ತು. ಹತ್ತು ಮಿಲಿಮೀಟರ್ ಉಳಿಯುತ್ತದೆ ಎಂಬ ಧೈರ್ಯದಿಂದ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ನಿಧಾನವಾಗಿ ಮುಂದೆ ಸಾಗಿದೆ. ಇಂಜಿನ್‌ನ ಅಡಿ ದಾಟಿತು, ನಡುಭಾಗವೂ ದಾಟಿತು. ಎರಡು ಚಕ್ರಗಳಿಗೆ ಚಾಲನೆ ಹಂಚುವ ಗೇರ್‌ಗಳ ಗುಂಡು ಪೆಟ್ಟಿಗೆಯಾದ ಹಿಂದಿನ ಡಿಫರೆನ್ಷಿಯಲ್‌ನ ಸರದಿ ಬಂದಾಗ ಗಾಡಿ ಗಕ್ಕೆಂದು ನಿಂತಿತು. ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು ಸೀಟಿನ ಮೂಲಕ ಬೆನ್ನಿಗೇ ಬಂದು ತಾಗಿತು.

ಈ ಬರಹದಲ್ಲಿರುವುದು ಆ ಪೆಟ್ಟನ್ನು ಸರಿಪಡಿಸಿದ ಬಗೆ ಮತ್ತು ಅದಾದ ಮೇಲೆ ಮೂರು ಪಿಕಪ್‌ಗಳ ಅಡಿಯಲ್ಲಿ ಮಲಗಿ ತೆಗೆದ ಅಳತೆಗಳು. ನನ್ನ ಗಾಡಿ, ನನ್ನ ಭಾವನ ಗಾಡಿ, ಸ್ನೇಹಿತನೊಬ್ಬನ ಗಾಡಿ. ಮೂರೂ ನಾಲ್ಕು ಚಕ್ರಗಳಿಗೂ ಚಾಲನೆ ಇರುವ, ಎರಡು ಸಾಲು ಸೀಟಿನ ಪಿಕಪ್‌ಗಳು.

ಮೊದಲು ಬಿರಡೆಯ ಕೆಲಸ

ಡಿಫರೆನ್ಷಿಯಲ್‌ನ ಹೊರಕವಚ ಒಡೆದಿರಲಿಲ್ಲ. ತಳದ ಅಂಚು ಉಜ್ಜಿ ಹೊಳೆಯುತ್ತಿತ್ತು, ಎಣ್ಣೆ ಸುರಿಸುವ ಬಿರಡೆಯ ಆರು ಮೂಲೆಯ ತಲೆ ಸವೆದು ಗುಂಡಗಾಗಿತ್ತು. ಪಾನಾ ಹಾಕಿದರೆ ಜಾರುತ್ತಿತ್ತು. ಇಂಥ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು: ಎಣ್ಣೆ ತುಂಬುವ ಮೇಲಿನ ಬಿರಡೆಯನ್ನು ಮೊದಲು ಸಡಿಲಿಸಿ, ಅದು ಬಿಚ್ಚುತ್ತದೆ ಎಂದು ಖಚಿತವಾದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಿ. ಎಣ್ಣೆಯನ್ನೆಲ್ಲ ಸುರಿಸಿಬಿಟ್ಟು, ಮೇಲಿನ ಬಿರಡೆ ತುಕ್ಕು ಹಿಡಿದು ಕೂತಿದೆ ಎಂದು ತಿಳಿದರೆ ಗಾಡಿ ಅಲ್ಲಿಂದ ಕದಲುವಂತಿಲ್ಲ.

ಸವೆದ ತಲೆಯ ಅಂಚಿಗೆ ಚೂಪಾದ ಉಳಿಯನ್ನು ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು ಕೊಟ್ಟೆ. ಏಳನೆಯದೋ ಎಂಟನೆಯದೋ ಪೆಟ್ಟಿಗೆ ಅದು ಕೂದಲೆಳೆಯಷ್ಟು ತಿರುಗಿತು. ಆಮೇಲೆ ಸುಲಭವಾಯಿತು. ಬಿರಡೆಯ ಒಳತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಲೋಹದ ಪುಡಿ ಮೆತ್ತಿಕೊಂಡಿತ್ತು. ಅದು ಸಹಜ ಸವೆತ. ಚೂರುಗಳಿದ್ದಿದ್ದರೆ ಗೇರಿನ ಹಲ್ಲು ಮುರಿದಿದೆ ಎಂದು ಕವಚವನ್ನೇ ಬಿಚ್ಚಬೇಕಾಗುತ್ತಿತ್ತು. ತಲೆ ಹೊರಗೆ ಚಾಚದೆ ಒಳಗೇ ಕೂರುವಂಥ ಬಿರಡೆಯನ್ನು ಹುಡುಕಿ, ಹೊಸ ತಾಮ್ರದ ವಾಷರ್ ಕೂರಿಸಿ, ಮೇಲಿನ ರಂಧ್ರದಿಂದ ಹೊರಗೆ ತುಳುಕುವವರೆಗೆ ಹೊಸ ಎಣ್ಣೆ ತುಂಬಿದೆ.

ಕೆಲಸ ಮುಗಿಯಿತು. 215ರ ಕಲ್ಲು 225ರ ಅಡಿಯಲ್ಲಿ ಹೇಗೆ ಸಿಕ್ಕಿಕೊಂಡಿತು ಎಂಬ ಪ್ರಶ್ನೆ ಮಾತ್ರ ಮುಗಿಯಲಿಲ್ಲ.

ಅಳತೆಗೆ ನೆಲ ಹುಡುಕಿದ್ದು

ಟೇಪ್ ಹಿಡಿದು ಗಾಡಿಯ ಕೆಳಗೆ ನುಸುಳಿದರೆ ಐದು ನಿಮಿಷದಲ್ಲಿ ಅಳತೆ ಸಿಗುತ್ತದೆ ಎಂದುಕೊಂಡಿದ್ದೆ. ಹಾಗೆಯೇ ಮಾಡಿದೆ. ಗಾಡಿಯನ್ನು ಒಂದು ಮೀಟರ್ ಹಿಂದೆ ಸರಿಸಿ ಮತ್ತೆ ಅಳೆದಾಗ ಅದೇ ಜಾಗಕ್ಕೆ ಬೇರೆ ಅಂಕಿ ಬಂತು. ರಸಮಟ್ಟ ಇಟ್ಟು ನೋಡಿದರೆ ಶೆಡ್ಡಿನ ನೆಲ ನಡುವೆ ಬಟ್ಟಲಿನಂತೆ ತಗ್ಗಾಗಿತ್ತು. ಚಕ್ರಗಳು ನಿಂತ ಮಟ್ಟಕ್ಕಿಂತ ಹೊಟ್ಟೆಯ ಕೆಳಗಿನ ನೆಲ 9 ಮಿ.ಮೀ. ಆಳ. ನೆಲದಿಂದ ಅಳೆದರೆ ಆ 9 ಮಿ.ಮೀ. ನನ್ನ ಗಾಡಿಯ ಲೆಕ್ಕಕ್ಕೆ ಜಮೆಯಾಗುತ್ತಿತ್ತು.

ಗಾರೆಯವರ ಉಪಾಯವೇ ಕೊನೆಗೆ ಕೈಹಿಡಿಯಿತು. ಟೈರು ನೆಲಕ್ಕೆ ತಾಗುವ ಜಾಗಗಳ ನಡುಬಿಂದುವನ್ನು ಸೀಮೆಸುಣ್ಣದಿಂದ ಗುರುತಿಸಿ, ಎಡದಿಂದ ಬಲಕ್ಕೆ, ಮುಂದಿನಿಂದ ಹಿಂದಕ್ಕೆ ನೈಲಾನ್ ನೂಲು ಬಿಗಿದೆ. ಅಳತೆಯನ್ನೆಲ್ಲ ಆ ನೂಲಿನಿಂದ ಮೇಲಕ್ಕೆ ಹಿಡಿದೆ. ಟೇಪ್ ಓರೆಯಾಗದಂತೆ ಮೂಲೆಮಟ್ಟವನ್ನು ಪಕ್ಕಕ್ಕೆ ಒತ್ತಿ ಹಿಡಿದುಕೊಂಡೆ. ಟೈರುಗಳು ತಣ್ಣಗಿದ್ದಾಗ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ಗಾಳಿ ತುಂಬಿದೆ. ಇಂಧನ ಅರ್ಧ ಟ್ಯಾಂಕ್, ಹಿಂದೆ ಹೊರೆ ಇಲ್ಲ, ಒಳಗೆ ಯಾರೂ ಇಲ್ಲ. ಪ್ರತಿ ಅಳತೆಗೂ ಮುಂಚೆ ಗಾಡಿಯನ್ನು ಮೂರು ಸಲ ಮೇಲಿಂದ ಒತ್ತಿ ಬಿಟ್ಟು ಸ್ಪ್ರಿಂಗ್ ತನ್ನ ನಿಲುವಿಗೆ ಬರುವಂತೆ ಮಾಡಿದೆ. ಇದಿಷ್ಟನ್ನು ಮಾಡಿದ ಮೇಲೆ ಒಂದೇ ಬಿಂದುವನ್ನು ಎಷ್ಟು ಸಲ ಅಳೆದರೂ 1 ಮಿ.ಮೀ. ಒಳಗೇ ಅಂಕಿ ಕೂರತೊಡಗಿತು.

ಮೊದಲ ಅಂಕಿಗಳು

ನನ್ನ ಗಾಡಿಯ ಟೈರು 265/65 ಆರ್17, ಅಂದರೆ ಅಗಲ 265 ಮಿ.ಮೀ., ರಬ್ಬರ್ ಬದಿಯ ಎತ್ತರ ಅಗಲದ ಶೇ. 65, ರಿಮ್ 17 ಇಂಚು. ಮುಂದೆ ಎರಡು ಚಕ್ರಗಳಿಗೂ ಬೇರೆ ಬೇರೆ, ಅಂದರೆ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಲೀಫ್ ಸ್ಪ್ರಿಂಗ್ ಹೊತ್ತ ಸಾಲಿಡ್ ಆಕ್ಸಲ್, ಅಂದರೆ ಎರಡು ಚಕ್ರಗಳನ್ನೂ ಸೇರಿಸುವ ಒಂದೇ ಗಟ್ಟಿ ಅಚ್ಚು. ಮೂತಿಯ ಅಡಿಗೆ ಪೆಟ್ಟು ಬೀಳದಂತೆ ಕಾಯುವ ತಟ್ಟೆ, ಅಂದರೆ ಮುಂದಿನ ಸ್ಕಿಡ್ ಪ್ಲೇಟ್ 231, ಗೇರ್‌ಬಾಕ್ಸನ್ನು ಹೊತ್ತ ನಡುವಿನ ಅಡ್ಡಪಟ್ಟಿ 262, ಹಿಂದಿನ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬ್ರಾಕೆಟ್ 221, ಡಿಫರೆನ್ಷಿಯಲ್‌ನ ತಳ 212. ಕಲ್ಲು ಏಕೆ ಸಿಕ್ಕಿಕೊಂಡಿತು ಎಂಬುದು ಇಲ್ಲಿಗೆ ಗೊತ್ತಾಯಿತು. ಕೈಪಿಡಿಯ 225 ಎಲ್ಲಿಂದ ಬಂತು ಎಂಬುದು ಗೊತ್ತಾಗಲಿಲ್ಲ.

ಭಾವನ ಗಾಡಿ ಹೊಸದು, ಕೈಪಿಡಿಯಲ್ಲಿ 240 ಎಂದಿದೆ. ಅವರಿಗೆ ಅದರ ಬಗ್ಗೆ ಅಭಿಮಾನವಿತ್ತು. ಸ್ಕಿಡ್ ಪ್ಲೇಟ್ 238 ಬಂದಾಗ "ನೋಡು, ಹೇಳಿದಷ್ಟೇ ಇದೆ" ಎಂದರು. ಡಿಫರೆನ್ಷಿಯಲ್‌ನ ಅಡಿಗೆ ಟೇಪ್ ಹಿಡಿದೆ. 214. "ಸರಿಯಾಗಿ ಹಿಡಿ" ಎಂದರು. "ನೀವೇ ಹಿಡಿಯಿರಿ ಭಾವ" ಎಂದು ಟೇಪ್ ಕೊಟ್ಟೆ. ಅವರು ಮಲಗಿ ಅಳೆದರು, ಮೇಲೆದ್ದು ಅಂಗಿಯ ಧೂಳು ಕೊಡವಿಕೊಂಡು, 214 ಎಂದರು. ಅವರ ಗಾಡಿಯ ಟೈರು 265/60 ಆರ್18. ವ್ಯಾಸದ ಲೆಕ್ಕ ಹಾಕಿದರೆ ಅದು 775 ಮಿ.ಮೀ., ನನ್ನದು 776. ಒಂದೇ ಎತ್ತರದ ಟೈರು, ಹೆಚ್ಚುಕಡಿಮೆ ಒಂದೇ ಗಾತ್ರದ ಡಿಫರೆನ್ಷಿಯಲ್. ಕೈಪಿಡಿಗಳ ನಡುವೆ 15 ಮಿ.ಮೀ. ವ್ಯತ್ಯಾಸ, ಕಲ್ಲಿಗೆ ತಾಗುವ ಜಾಗದಲ್ಲಿ 2 ಮಿ.ಮೀ. ವ್ಯತ್ಯಾಸ.

ಸ್ನೇಹಿತನ ಗಾಡಿಗೆ ಮುಂದೆಯೂ ಹಿಂದೆಯೂ ಸಾಲಿಡ್ ಆಕ್ಸಲ್, 285/70 ಆರ್17 ಟೈರು, ಕೈಪಿಡಿಯಲ್ಲಿ 247. ಮುಂದಿನ ಡಿಫರೆನ್ಷಿಯಲ್ 241, ಹಿಂದಿನದು 246, ನಡುವಿನ ಅಡ್ಡಪಟ್ಟಿ 318.

ಇಲ್ಲಿ ಒಂದು ಪ್ರಯೋಗ ಮಾಡಿದೆವು. ನಾಲ್ಕು ಜನ ನನ್ನ ಗಾಡಿಯ ಮುಂದಿನ ಬಂಪರ್ ಮೇಲೆ ಹತ್ತಿ ನಿಂತರು. ಸ್ಕಿಡ್ ಪ್ಲೇಟ್ 231ರಿಂದ 203ಕ್ಕೆ ಇಳಿಯಿತು, 28 ಮಿ.ಮೀ. ಮಾಯ. ಅದೇ ನಾಲ್ವರು ಸ್ನೇಹಿತನ ಗಾಡಿಯ ಮೇಲೆ ನಿಂತಾಗ ಬಂಪರ್ ಕುಸಿಯಿತು, ಡಿಫರೆನ್ಷಿಯಲ್ ಮಾತ್ರ 241ರಿಂದ 240ಕ್ಕೆ ಬಂದು ನಿಂತಿತು. ಸಾಲಿಡ್ ಆಕ್ಸಲ್ ಚಕ್ರಗಳ ಜೊತೆಗೇ ಇರುತ್ತದೆ. ಸ್ಪ್ರಿಂಗ್ ಎಷ್ಟು ಕುಗ್ಗಿದರೂ ಅದರ ತಳ ನೆಲಕ್ಕೆ ಹತ್ತಿರವಾಗುವುದಿಲ್ಲ, ಟೈರು ಒತ್ತಿದಷ್ಟೇ ಇಳಿಯುತ್ತದೆ. ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಡಿಫರೆನ್ಷಿಯಲ್ ಮತ್ತು ಅದರ ಕೆಳಗಿನ ತಟ್ಟೆ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಗಾಡಿ ಗುಂಡಿಗೆ ಧುಮುಕಿ ಸ್ಪ್ರಿಂಗ್ ಕುಗ್ಗಿದ ಕ್ಷಣದಲ್ಲಿ, ಎತ್ತರ ಅತ್ಯಂತ ಬೇಕಾದ ಹೊತ್ತಿನಲ್ಲಿ, ಅವು ಕೆಳಗಿಳಿಯುತ್ತವೆ. ನಿಂತ ಗಾಡಿಯ ಅಂಕಿ ಇದನ್ನು ಹೇಳುವುದೇ ಇಲ್ಲ. ಪಿಕಪ್‌ಗಳನ್ನು ಹೋಲಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗೆ ಅಂದೇ ಅನ್ನಿಸಿತು: ಅತ್ಯಂತ ಕೆಳಗಿರುವ ಬಿಂದು ಯಾವುದು, ಅದು ಸ್ಪ್ರಿಂಗ್ ಜೊತೆ ಚಲಿಸುತ್ತದೆಯೇ?

ಬಾಗಿದ ಪಟ್ಟಿಯ ಲೆಕ್ಕ

ಸ್ನೇಹಿತನ ಗಾಡಿಯಲ್ಲಿ ಅತಿ ಕೆಳಗಿನ ಬಿಂದು 241 ಇರುವಾಗ ಕೈಪಿಡಿ 247 ಎಂದದ್ದು ನನ್ನನ್ನು ಕೊರೆಯುತ್ತಿತ್ತು. ಯುರೋಪಿನ ವಾಹನ ನಿಯಮಗಳಲ್ಲಿ ಗ್ರೌಂಡ್ ಕ್ಲಿಯರೆನ್ಸ್‌ಗೆ ಎರಡು ವ್ಯಾಖ್ಯೆಗಳಿವೆ. ಆಕ್ಸಲ್‌ಗಳ ನಡುವಿನ ಭಾಗಕ್ಕೆ, ನೆಲದಿಂದ ಅತಿ ಕೆಳಗಿನ ಸ್ಥಿರ ಬಿಂದುವಿನವರೆಗಿನ ಅಂತರ. ಆಕ್ಸಲ್‌ನ ಅಡಿಗೆ ಹಾಗಲ್ಲ. ಒಂದೇ ಆಕ್ಸಲ್‌ನ ಎರಡು ಟೈರುಗಳು ನೆಲ ಮುಟ್ಟುವ ನಡುಬಿಂದುಗಳ ಮೂಲಕ ಹಾದು, ಚಕ್ರಗಳ ನಡುವಿನ ಅತಿ ಕೆಳಗಿನ ಸ್ಥಿರ ಬಿಂದುವನ್ನು ಸವರುವ ಕಮಾನೊಂದನ್ನು ಎಳೆಯಬೇಕು. ಆ ಕಮಾನಿನ ನೆತ್ತಿ ನೆಲದಿಂದ ಎಷ್ಟು ಎತ್ತರವೋ ಅದೇ ಕ್ಲಿಯರೆನ್ಸ್.

ಓದಿದ್ದು ಅರ್ಥವಾಗಲು ಮಾಡಿಯೇ ನೋಡಬೇಕಾಯಿತು. ತೆಳುವಾದ ಪ್ಲೈವುಡ್ ಪಟ್ಟಿಯೊಂದನ್ನು ಕತ್ತರಿಸಿ, ಎರಡೂ ತುದಿಗಳನ್ನು ಸೀಮೆಸುಣ್ಣದ ಗುರುತಿಗೆ ಆನಿಸಿ, ಡಿಫರೆನ್ಷಿಯಲ್‌ಗೆ ತಾಗುವವರೆಗೆ ಬಾಗಿಸಿದೆ. ಸ್ನೇಹಿತನ ಗಾಡಿಯ ಮುಂದಿನ ಡಿಫರೆನ್ಷಿಯಲ್ ನಡುವಿನಲ್ಲಿಲ್ಲ, ಸುಮಾರು 300 ಮಿ.ಮೀ. ಪಕ್ಕಕ್ಕಿದೆ. ಹಾಗಾಗಿ ಪಟ್ಟಿ ಅದನ್ನು ಇಳಿಜಾರಿನಲ್ಲಿ ಸವರಿತು, ನೆತ್ತಿ ಇನ್ನೂ ಮೇಲೆ ಉಬ್ಬಿತು. ನೆತ್ತಿಯ ಎತ್ತರ 276! ಹಿಂದಿನದು ಬಹುತೇಕ ನಡುವಿನಲ್ಲೇ ಇರುವುದರಿಂದ 247. ಎರಡರಲ್ಲಿ ಚಿಕ್ಕದು 247, ಕೈಪಿಡಿಯ ಅಂಕಿ ಕೂಡ 247. ನನ್ನ ಗಾಡಿಯ ಹಿಂದಿನ ಡಿಫರೆನ್ಷಿಯಲ್‌ನ ತಳ ನಡುವಿನಿಂದ 150 ಮಿ.ಮೀ. ಬಲಕ್ಕಿದೆ. ಕಮಾನು ಬಾಗಿಸಿದಾಗ 212 ಹೋಗಿ 220 ಆಯಿತು. ಆದರೂ 225ಕ್ಕೆ 5 ಕಡಿಮೆ.

ಕಮಾನಿನ ಅಳತೆಯನ್ನು ನಾನು ತಳ್ಳಿಹಾಕುವುದಿಲ್ಲ. ನಡು ಉಬ್ಬಿ, ಎರಡೂ ಬದಿ ಗಾಲಿಯ ಜಾಡು ತಗ್ಗಾದ ದಾರಿಗೆ ಅದು ಒಪ್ಪುವ ಅಳತೆ. ಒಂಟಿ ಕಲ್ಲಿಗೆ ಮಾತ್ರ ಒಪ್ಪುವುದಿಲ್ಲ.

ಹೊರೆ ಹೊತ್ತಾಗ

ಪಿಕಪ್ ಇರುವುದೇ ಹೊರಲು. ಮರಳಿನ ಚೀಲ ಪೇರಿಸಿ 400 ಕಿ.ಗ್ರಾಂ. ಹೇರಿದೆ. ಹಿಂದಿನ ಚಕ್ರದ ಬಳಿ ಚೌಕಟ್ಟು 64 ಮಿ.ಮೀ. ಕುಸಿಯಿತು, ಮೂತಿ 3 ಮಿ.ಮೀ. ಮೇಲೆದ್ದಿತು. ನಡುವಿನ ಅಡ್ಡಪಟ್ಟಿ 262ರಿಂದ 231ಕ್ಕೆ ಇಳಿಯಿತು. ಡಿಫರೆನ್ಷಿಯಲ್ 212ರಿಂದ 207, ಟೈರು ಒತ್ತಿದ್ದಷ್ಟೇ.

ಅಡ್ಡಪಟ್ಟಿ ಇಳಿದದ್ದು ಏಕೆ ಮುಖ್ಯ ಎಂದರೆ, ದಿಬ್ಬದ ನೆತ್ತಿಯಲ್ಲಿ ಗಾಡಿ ಹೊಟ್ಟೆಯ ಮೇಲೆ ಕೂತುಬಿಡುವುದು ಅಲ್ಲೇ. ಇದನ್ನು ಅಂದಾಜು ಮಾಡಲು ಸರಳ ಲೆಕ್ಕವೊಂದಿದೆ. ನಡುವಿನ ಎತ್ತರವನ್ನು ವ್ಹೀಲ್‌ಬೇಸ್‌ನ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) ಅರ್ಧದಿಂದ ಭಾಗಿಸಿ, ಆ ಇಳಿಜಾರಿನ ಕೋನವನ್ನು ಎರಡರಿಂದ ಗುಣಿಸಬೇಕು. ನನ್ನ ಗಾಡಿಯ ವ್ಹೀಲ್‌ಬೇಸ್ 3,085 ಮಿ.ಮೀ. ಖಾಲಿ ಇದ್ದಾಗ 19.3 ಡಿಗ್ರಿ, ಹೊರೆ ಇದ್ದಾಗ 17 ಡಿಗ್ರಿ.

ಎತ್ತರಿಸಿದ್ದು

ಮುಂದೆ ಉದ್ದದ ಕಾಯಿಲ್ ಸ್ಪ್ರಿಂಗ್, ಹಿಂದೆ ಹೆಚ್ಚು ಬಾಗಿದ ಲೀಫ್ ಸ್ಪ್ರಿಂಗ್ ಕಟ್ಟು. ಚಕ್ರದ ಬಳಿ 40 ಮಿ.ಮೀ. ಏರಿಕೆ ನನ್ನ ಗುರಿ. ಅದಕ್ಕಿಂತ ಹೆಚ್ಚು ಏರಿಸಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಮುಂದಿನ ಆಕ್ಸಲ್ ದಂಡಗಳ ಕೋನ ಕಡಿದಾದಷ್ಟೂ ಓರೆಯಾಗಿಯೂ ಚಾಲನೆ ಸಾಗಿಸುವ ಸಿವಿ ಜಾಯಿಂಟ್ ಎಂಬ ಕೀಲುಗಳು ಮತ್ತು ಅವುಗಳ ರಬ್ಬರ್ ಹೊದಿಕೆ ಬೇಗ ಹಾಳಾಗುತ್ತವೆ.

ಮುಂದಿನ ಸ್ಪ್ರಿಂಗನ್ನು ಒತ್ತುವ ಯಂತ್ರ ಗಟ್ಟಿಯಾದದ್ದೇ ಇರಲಿ. ಕುಗ್ಗಿದ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವರ ಜೀವಕ್ಕೇ ಅಪಾಯ. ಇದರಲ್ಲಿ ನಾನು ಯಾವ ರಾಜಿಯನ್ನೂ ಮಾಡಿಕೊಳ್ಳಲಿಲ್ಲ. ಎಡವಿದ್ದು ಬೇರೆ ಕಡೆ. ಎಲ್ಲ ಕೂರಿಸಿ ಜಾಕ್ ಇಳಿಸಿ ಅಳೆದಾಗ ಸ್ಕಿಡ್ ಪ್ಲೇಟ್ 283 ಬಂತು. 52 ಮಿ.ಮೀ. ಏರಿಕೆ! ಕೊಟ್ಟದ್ದು 40, ಬಂದದ್ದು 52. ಹಿಗ್ಗಿದೆ, ಆ ರಾತ್ರಿ ಹಿಗ್ಗಿನಲ್ಲೇ ಮಲಗಿದೆ. ಬೆಳಗ್ಗೆ ಕಾರಣ ಹೊಳೆಯಿತು. ಚಕ್ರವನ್ನು ಚೌಕಟ್ಟಿಗೆ ಸೇರಿಸುವ ಕೆಳಗಿನ ತೋಳುಗಳ ಬೋಲ್ಟನ್ನು ಚಕ್ರ ಗಾಳಿಯಲ್ಲಿ ಜೋತಾಡುತ್ತಿದ್ದಾಗಲೇ ಪೂರ್ತಿ ಬಿಗಿದುಬಿಟ್ಟಿದ್ದೆ. ತೋಳಿನ ರಬ್ಬರ್ ಬುಷ್ ಆ ನಿಲುವಿನಲ್ಲೇ ಹಿಡಿದುಕೊಂಡು, ತಿರುಚಿಕೊಂಡು, ಗಾಡಿಯನ್ನು ಸುಳ್ಳು ಎತ್ತರದಲ್ಲಿ ನಿಲ್ಲಿಸಿತ್ತು. ಹಾಗೇ ಓಡಿಸಿದ್ದರೆ ಬುಷ್ ಬೇಗನೆ ಹರಿಯುತ್ತಿತ್ತು. ಬೋಲ್ಟ್ ಸಡಿಲಿಸಿ, ಗಾಡಿಯನ್ನು ನೆಲದ ಮೇಲೆ ಒತ್ತಿ ಆಡಿಸಿ, ಅದರ ತೂಕ ಚಕ್ರದ ಮೇಲಿರುವಾಗಲೇ ಮತ್ತೆ ಬಿಗಿದೆ. 270. ನಿಜವಾದ ಏರಿಕೆ 39.

ಚಕ್ರ ಪೂರ್ತಿ ಜೋತಾಗಲೂ ಬ್ರೇಕ್ ಪೈಪುಗಳು ಎಳೆದುಕೊಳ್ಳುತ್ತಿಲ್ಲವೆಂದು ನೋಡಿಕೊಂಡೆ. ಚಕ್ರದ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿದೆ. 500 ಕಿ.ಮೀ. ಓಡಿದ ಮೇಲೆ ಹಿಂದಿನ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿದೆ.

ಅಡ್ಡಪಟ್ಟಿ 301ಕ್ಕೆ ಏರಿತ್ತು. ಕೊನೆಗೆ ಡಿಫರೆನ್ಷಿಯಲ್ ಅಡಿಗೆ ಟೇಪ್ ಹಿಡಿದೆ. 212. ಶಾಕ್ ಬ್ರಾಕೆಟ್ 221. ಎರಡೂ ಎಲ್ಲಿದ್ದವೋ ಅಲ್ಲೇ! ಬರುವುದು ಇದೇ ಎಂದು ಗೊತ್ತಿದ್ದರೂ, ಎರಡು ದಿನದ ಬೆವರಿನ ನಂತರ ಕಣ್ಣೆದುರಿಗೆ ಅದೇ ಅಂಕಿ ಕಂಡಾಗ ಮನಸ್ಸು ಮುದುಡಿತು. ಪೆಟ್ಟು ತಿಂದಿದ್ದ ಬಿಂದು ಒಂದು ಮಿಲಿಮೀಟರ್ ಕೂಡ ಮೇಲೇರಿರಲಿಲ್ಲ. ಸ್ಪ್ರಿಂಗ್ ಎತ್ತುವುದು ತನ್ನ ಮೇಲಿರುವುದನ್ನು, ಆಕ್ಸಲ್ ಇರುವುದು ಸ್ಪ್ರಿಂಗ್‌ನ ಕೆಳಗೆ. ಅದನ್ನು ಎತ್ತುವುದು ಟೈರು ಮಾತ್ರ.

ಟೈರು

ಹಾಗಾಗಿ 265/70 ಆರ್17 ಹಾಕಿಸಿದೆ. ವ್ಯಾಸ 803 ಮಿ.ಮೀ., ಹಳೆಯದಕ್ಕಿಂತ 27 ಹೆಚ್ಚು. ಆಕ್ಸಲ್ ಏರುವುದು ಅದರ ಅರ್ಧ, ಅಂದರೆ 13. ಅಳೆದಾಗ ಡಿಫರೆನ್ಷಿಯಲ್ 229 ತೋರಿಸಿತು, 17ರ ಏರಿಕೆ. ಬುಷ್‌ನ ಪಾಠ ಕಲಿತಿದ್ದ ನಾನು ಈ ಸಲ ಹಿಗ್ಗದೆ ಹುಡುಕಿದೆ. ಬಿಚ್ಚಿಟ್ಟಿದ್ದ ಹಳೆಯ ಟೈರಿನ ಗೀರುಗಳ ಆಳ ಅಳೆದಾಗ, ಅವು ಹೊಸದಾಗಿದ್ದಾಗಿನದಕ್ಕಿಂತ 4 ಮಿ.ಮೀ. ಸವೆದಿದ್ದವು. 13ಕ್ಕೆ 4 ಸೇರಿ 17. ಅಷ್ಟೇ ಅಲ್ಲ, ಕೈಪಿಡಿಯ ಒಗಟೂ ಇಲ್ಲೇ ಬಿಡಿಸಿಕೊಂಡಿತು. ಕಮಾನಿನ ಅಳತೆ 220, ಸವೆದ ರಬ್ಬರ್ 4, ಒಟ್ಟು 224. ಕೈಪಿಡಿಯ 225ಕ್ಕೂ ನನ್ನ ಟೇಪಿಗೂ ಇನ್ನು ಒಂದೇ ಮಿಲಿಮೀಟರ್ ಜಗಳ.

ದೊಡ್ಡ ಟೈರಿಗೆ ತೆರಬೇಕಾದದ್ದೂ ಇದೆ. ಸ್ಪೀಡೋಮೀಟರ್ 100 ತೋರಿಸುವಾಗ ಮೊದಲಿಗಿಂತ ಶೇ. 3.4ರಷ್ಟು ಹೆಚ್ಚು ವೇಗ ಇರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್‌ನ ಒಳಪದರ ಉಜ್ಜುತ್ತಿತ್ತು. ಅಂಚನ್ನು ಬಿಸಿಗಾಳಿಯಿಂದ ಮೆದುಗೊಳಿಸಿ ಒಳಕ್ಕೆ ಒತ್ತಿದೆ. ಹಿಂದೆ ಕೆಳಗೆ ತೂಗುವ ಸ್ಟೆಪ್ನಿಯೂ ದೊಡ್ಡದಾಗಿ, ಅದರ ಜಾಗದಲ್ಲಿ ಬಹಳ ಇಕ್ಕಟ್ಟಾಯಿತು.

ಈಗ ಅಡ್ಡಪಟ್ಟಿ 318, ಸ್ನೇಹಿತನ ಗಾಡಿಯದ್ದಷ್ಟೇ. ಆದರೆ ಅವನ ವ್ಹೀಲ್‌ಬೇಸ್ 3,400 ಮಿ.ಮೀ. ಅದೇ ಎತ್ತರಕ್ಕೆ ಅವನಿಗೆ ಸಿಗುವುದು 21.2 ಡಿಗ್ರಿ, ನನಗೆ 23.3.

ಹೆಸರಾಂತ ಮಾದರಿಗಳ ಅಂಕಿಗಳನ್ನು ಇದೇ ಕಣ್ಣಿನಿಂದ ಮತ್ತೆ ನೋಡಿದೆ. ಮೊದಲ ತಲೆಮಾರಿನ ಫೋರ್ಡ್ ರೇಂಜರ್ ರ‍್ಯಾಪ್ಟರ್‌ಗೆ 283 ಮಿ.ಮೀ., ಜೀಪ್ ಗ್ಲಾಡಿಯೇಟರ್ ರುಬಿಕಾನ್‌ಗೆ 11.1 ಇಂಚು, ಅಂದರೆ ಸುಮಾರು 282. ಎರಡಕ್ಕೂ 33 ಇಂಚಿನ ಟೈರು. ಅಂಕಿ ನೋಡಿದರೆ ಅವಳಿ ಮಕ್ಕಳು. ಜೀಪ್‌ಗೆ ಮುಂದೆಯೂ ಹಿಂದೆಯೂ ಸಾಲಿಡ್ ಆಕ್ಸಲ್, ಫೋರ್ಡ್‌ಗೆ ಮುಂದೆ ಸ್ವತಂತ್ರ ಸಸ್ಪೆನ್ಷನ್. ದಿಬ್ಬ ದಾಟುವ ಕೋನ ಫೋರ್ಡ್‌ಗೆ 24 ಡಿಗ್ರಿ, ಜೀಪ್‌ಗೆ 20.3, ಏಕೆಂದರೆ ಫೋರ್ಡ್‌ನ ವ್ಹೀಲ್‌ಬೇಸ್ 3,220 ಆದರೆ ಜೀಪ್‌ನದು ಸುಮಾರು 3,490 ಮಿ.ಮೀ. ಮೂತಿಯಿಂದ ಏರು ಹತ್ತುವ ಕೋನದಲ್ಲಿ ಜೀಪ್ 43 ಡಿಗ್ರಿ ದಾಟುತ್ತದೆ, ಫೋರ್ಡ್ 32.5. ಜೀಪ್ ಕಲ್ಲಿನ ಮೆಟ್ಟಿಲು ಹತ್ತಲು, ಫೋರ್ಡ್ ಏರಿಯ ನೆತ್ತಿ ದಾಟಲು.

ಮಾಮೂಲಿ ಸಾಲಿಡ್ ಆಕ್ಸಲ್‌ಗೆ ದಾಟಲಾಗದ ಗೆರೆಯೊಂದಿದೆ. ತೂಕ ಹೊತ್ತ ಟೈರಿನ ತ್ರಿಜ್ಯದಿಂದ ಡಿಫರೆನ್ಷಿಯಲ್‌ನ ಕೆಳಗಿನ ಅರ್ಧವನ್ನು ಕಳೆದರೆ ಉಳಿಯುವುದಷ್ಟೇ ಅದರ ಎತ್ತರ. ಆ ಗೆರೆಯನ್ನು ಮೀರಲು ಆಕ್ಸಲನ್ನೇ ಚಕ್ರದ ನಡುಬಿಂದುವಿಗಿಂತ ಮೇಲೆ ಕೂರಿಸಿ, ಗುಂಬದ (ಚಕ್ರದ ನಡುವಿನ ಹಬ್) ಬಳಿ ಗೇರ್ ಇಟ್ಟು ಚಾಲನೆಯನ್ನು ಕೆಳಕ್ಕೆ ತರಬೇಕು. ಮರ್ಸಿಡಿಸ್‌ನ ಯೂನಿಮಾಗ್ ಹಾಗೆಯೇ ನಿಲ್ಲುತ್ತದೆ. ಹಮ್ಮರ್ ಎಚ್1 ಗುಂಬದ ಗೇರಿನ ಜೊತೆಗೆ ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇಟ್ಟುಕೊಂಡು 16 ಇಂಚು, ಅಂದರೆ 406 ಮಿ.ಮೀ. ಎತ್ತರದಲ್ಲಿ ನಿಂತಿತ್ತು. ನನಗೆ ಇಡೀ ಹೋಲಿಕೆಯಲ್ಲಿ ತುಂಬ ಮೆಚ್ಚುಗೆಯಾದದ್ದು ಈ ಉಪಾಯ.

ಕೋಲು

ಕೊನೆಯ ಅಳತೆ ಗಾಳಿಯದು. ಒರಟು ದಾರಿಗೆ ಟೈರಿನ ಗಾಳಿ ಇಳಿಸುವುದು ರೂಢಿ. 32ರಿಂದ 18 ಪಿಎಸ್‌ಐಗೆ ಇಳಿಸಿದಾಗ ಡಿಫರೆನ್ಷಿಯಲ್ 229ರಿಂದ 219ಕ್ಕೆ ಬಂತು. ಹೊಸ ಟೈರು ಕೊಟ್ಟ 17ರಲ್ಲಿ 10 ವಾಪಸ್. ಹಿಡಿತಕ್ಕೆ ಅದು ಬೇಕೇ ಬೇಕು, ಹಾಗಾಗಿ ನನ್ನ ಲೆಕ್ಕದಲ್ಲಿ ಈ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ 219.

ಒಂದು ಗಟ್ಟಿ ಮರದ ಕೋಲನ್ನು ಕತ್ತರಿಸಿ ಮೂರು ಗೀರು ಹಾಕಿದೆ. ಮೊದಲನೆಯದು 219ಕ್ಕೆ, ಎರಡನೆಯದು ಮೂತಿ ಕುಸಿದಾಗಿನ ಸ್ಕಿಡ್ ಪ್ಲೇಟ್‌ಗೆ, ಮೂರನೆಯದು ಹೊರೆ ಇದ್ದಾಗಿನ ಅಡ್ಡಪಟ್ಟಿಗೆ. ಅದು ಈಗ ಸೀಟಿನ ಹಿಂದೆ ಇರುತ್ತದೆ.

ಅದೇ ದಾರಿಯಲ್ಲಿ ಮತ್ತೆ ಹೋದಾಗ ಕಲ್ಲು ಅಲ್ಲೇ ಇತ್ತು, ನೆತ್ತಿಯ ಮೇಲೆ ನನ್ನ ಗಾಡಿಯ ಕಬ್ಬಿಣದ ಗೀರಿನೊಂದಿಗೆ. ಇಳಿದು ಕೋಲು ಆನಿಸಿದೆ. ಕಲ್ಲಿನ ನೆತ್ತಿ ಮೊದಲ ಗೀರಿಗಿಂತ ಒಂದು ಬೆರಳಿನ ಅಗಲದಷ್ಟೂ ಕೆಳಗಿರಲಿಲ್ಲ. ಡಿಫರೆನ್ಷಿಯಲ್ ಬಲಕ್ಕೆ ವಾಲಿರುವುದು ನೆನಪಿತ್ತು. ಗಾಡಿಯನ್ನು ಒಂದಿಷ್ಟು ಬಲಕ್ಕೆ ತೆಗೆದುಕೊಂಡು, ಎಡಗಡೆಯ ಟೈರನ್ನು ನೇರವಾಗಿ ಕಲ್ಲಿನ ಮೇಲೆಯೇ ಹತ್ತಿಸಿದೆ. ಮುಂದಿನದು ಏರಿ ಇಳಿಯಿತು, ಹಿಂದಿನದು ಏರಿತು, ಅದರ ಜೊತೆ ಆಕ್ಸಲ್ಲೂ ಏರಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿವಿಗೊಟ್ಟೆ. ರಬ್ಬರ್ ಒತ್ತುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.